ಹಾಕಿ ನಾಡಿನಲ್ಲಿ ಫುಟ್‌ಬಾಲ್ ವಿಸಿಲ್

ಕೊಡಗಿನಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ರೆಫರಿಯಾಗಿ ಇಳಿಯುವಾಗ ನಾನು ಮರೆಯದ ಸಂಗತಿಯೊಂದಿದೆ. ಇಲ್ಲಿ ಆಡುವವರ ಕಣ್ಣೂ ನೋಡುವವರ ಕಣ್ಣೂ ಹಾಕಿಯಲ್ಲಿ ಪಳಗಿದವು. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬವನ್ನು ನೋಡಿಕೊಂಡೇ ಒಂದು ತಲೆಮಾರು ಬೆಳೆದಿದೆ. ಸುಂಟಿಕೊಪ್ಪ, ಸಿದ್ದಾಪುರದ ಕಡೆ ಫುಟ್‌ಬಾಲ್‌ಗೆ ತನ್ನದೇ ನೆಲೆಯಿದೆ, ನಿಜ. ಆದರೂ ಇಂದು ಬಾಲ್ ಒದೆಯುವ ಹುಡುಗನ ಕೈಯಲ್ಲಿ ಹಿಂದಿನ ವಾರ ಸ್ಟಿಕ್ ಇದ್ದಿರುವುದು ಇಲ್ಲಿ ಸಾಮಾನ್ಯ. ಮೈದಾನದ ತಕರಾರುಗಳಲ್ಲಿ ಬಹುಪಾಲು ಹುಟ್ಟುವುದು ಕೆಟ್ಟತನದಿಂದಲ್ಲ, ಒಂದು ಆಟದ ನಿಯಮವನ್ನು ಇನ್ನೊಂದಕ್ಕೆ ಹಚ್ಚುವುದರಿಂದ. ಅದು ತಿಳಿದಿದ್ದರೆ ರೆಫರಿಗೆ ಸಿಟ್ಟು ಬರುವುದಿಲ್ಲ, ವಿವರಿಸಲು ಎರಡು ಮಾತು ಸಾಕಾಗುತ್ತದೆ.

ಫ್ರೀ ಕಿಕ್ಕನ್ನೇ ನೋಡಿ. ಹಾಕಿಯಲ್ಲಿ ಫ್ರೀ ಹಿಟ್ ಸಿಕ್ಕವನು ತನಗೆ ತಾನೇ ಬಾಲ್ ತಟ್ಟಿಕೊಂಡು ಓಡಬಹುದು. ಫುಟ್‌ಬಾಲ್‌ನಲ್ಲಿ ಹಾಗೆ ಮಾಡಿದರೆ, ಅಂದರೆ ಬಾಲ್ ಬೇರೆ ಯಾರಿಗೂ ತಾಗದೆ ಒದ್ದವನೇ ಎರಡನೇ ಸಲ ಮುಟ್ಟಿದರೆ, ಎದುರಾಳಿಗೆ ನೇರವಾಗಿ ಗೋಲ್ ಹೊಡೆಯಲು ಬಾರದ ಇನ್‌ಡೈರೆಕ್ಟ್ ಫ್ರೀ ಕಿಕ್. ಕಾರ್ನರ್, ಥ್ರೋ, ಗೋಲ್ ಕಿಕ್, ಕಿಕ್ ಆಫ್ ಎಲ್ಲಕ್ಕೂ ಇದೇ ನಿಯಮ. ದೂರದ ವಿಷಯವೂ ಹಾಗೆಯೇ. ಹಾಕಿಯ ಅಭ್ಯಾಸದವರು 5 ಮೀಟರ್‌ನಲ್ಲಿ ನಿಂತು ‘ಸರಿ ಇದ್ದೇವಲ್ಲ ಸರ್’ ಅನ್ನುತ್ತಾರೆ. ಇಲ್ಲಿ ಬೇಕಾದದ್ದು 9.15 ಮೀಟರ್. ನನ್ನ ಉದ್ದನೆಯ ಹೆಜ್ಜೆ ಎಷ್ಟು ಎಂದು ಟೇಪು ಹಿಡಿದು ಅಳೆದುಕೊಂಡಿದ್ದೇನೆ, ಹತ್ತು ಹೆಜ್ಜೆಗೆ ಆ ದೂರ ಸಿಗುತ್ತದೆ. ಒದೆಯುವವನು ತಕ್ಷಣ ಆಡಲು ಬಯಸಿದರೆ ಅಳೆಯಲು ಹೋಗುವುದಿಲ್ಲ, ಅದು ಅವನ ಹಕ್ಕು. ಅವನು ದೂರ ಕೇಳಿದರೆ ಮಾತ್ರ ವಿಸಿಲ್ ತೋರಿಸಿ ‘ನಾನು ಊದಿದ ಮೇಲೆ’ ಎಂದು ಹೇಳಿ, ಆಮೇಲೆ ಹೆಜ್ಜೆ ಹಾಕುತ್ತೇನೆ. ಕಿಕ್ ತಡೆಯಲು ಎದುರಾಳಿಗಳು ಸಾಲಾಗಿ ಕಟ್ಟುವ ಗೋಡೆಯಲ್ಲಿ ಮೂವರು ಅಥವಾ ಹೆಚ್ಚು ಜನ ನಿಂತಿದ್ದರೆ ದಾಳಿ ಮಾಡುವ ತಂಡದವರು ಆ ಗೋಡೆಯಿಂದ ಕನಿಷ್ಠ 1 ಮೀಟರ್ ದೂರವಿರಬೇಕು. ಇದನ್ನು ಮೊದಲೇ ಹೇಳಿಬಿಟ್ಟರೆ ನೂಕಾಟ ಶುರುವಾಗುವುದೇ ಇಲ್ಲ.

ಇನ್‌ಡೈರೆಕ್ಟ್ ಆಗಿದ್ದರೆ ಕೈ ತಲೆಯ ಮೇಲೆತ್ತಿ, ಬಾಲ್ ಇನ್ನೊಬ್ಬರಿಗೆ ತಾಗುವ ತನಕ ಹಾಗೇ ಹಿಡಿಯಬೇಕು. ರೆಫರಿ ಕೈ ಎತ್ತಲು ಮರೆತು, ಬಾಲ್ ನೇರ ಗೋಲಿಗೆ ಹೋದರೆ ಕಿಕ್ ಮತ್ತೆ ತೆಗೆಸಬೇಕು. ರೆಫರಿಯ ತಪ್ಪಿಗೆ ತಂಡ ದಂಡ ಕಟ್ಟಬಾರದು ಎಂಬುದು ಅದರ ಹಿಂದಿನ ನ್ಯಾಯ.

ಇನ್ನು ಮೈದಾನ. ಗುಡ್ಡ ಕಡಿದು ಮಾಡಿದ ಶಾಲಾ ಮೈದಾನಗಳಲ್ಲಿ 90 ಮೀಟರ್ ಉದ್ದ, 45 ಮೀಟರ್ ಅಗಲ ಸಿಕ್ಕರೆ ಅದೇ ಭಾಗ್ಯ. ನಿಯಮದ ಕನಿಷ್ಠವೂ ಅಷ್ಟೇ. ಗೆರೆ ಹಾಕುವ ಮುನ್ನ ನಾಲ್ಕು ಮೂಲೆಗೆ ಗೂಟ ಹೊಡೆದು ಎರಡೂ ಕರ್ಣ ಅಳೆಯಿರಿ. 90 ಗುಣಿಸು 45 ಆದರೆ ಎರಡೂ 100.6 ಮೀಟರ್ ಬರಬೇಕು. ಒಂದು ಹೆಚ್ಚು ಒಂದು ಕಡಿಮೆ ಬಂದರೆ ಮೈದಾನ ಓರೆಯಾಗಿದೆ ಎಂದರ್ಥ. ಓರೆ ಮೈದಾನದಲ್ಲಿ ಲೈನ್ಸ್‌ಮನ್ ಗೋಲ್ ಗೆರೆಗೆ ಸಮಾನಾಂತರವಾಗಿ ನೋಡಲಾರ, ಆಫ್‌ಸೈಡ್ ಎಲ್ಲ ತಪ್ಪುತ್ತದೆ. ಪೆನಾಲ್ಟಿ ಬಾಕ್ಸ್ ಗೋಲ್ ಕಂಬದ ಒಳಬದಿಯಿಂದ ಆ ಕಡೆ 16.5, ಈ ಕಡೆ 16.5, ನಡುವೆ 7.32, ಒಟ್ಟು 40.32 ಮೀಟರ್ ಅಗಲ. 45 ಮೀಟರ್ ಮೈದಾನದಲ್ಲಿ ಬದಿಗೆ ಉಳಿಯುವುದು ಎರಡೂವರೆ ಮೀಟರ್‌ಗಿಂತ ಕಡಿಮೆ. ಇಷ್ಟು ಸಣ್ಣ ಮೈದಾನದಲ್ಲಿ ವಿಂಗ್‌ನಲ್ಲಿ ಆದ ಫೌಲ್ ಕೂಡ ಪೆನಾಲ್ಟಿಯಾಗುವ ಸಂಭವ ಹೆಚ್ಚು, ಹಾಗಾಗಿ ರೆಫರಿ ಬಾಕ್ಸಿನ ಗೆರೆಗೆ ಹತ್ತಿರ ಓಡಲೇಬೇಕು.

ಹಾಕಿಗೂ ಫುಟ್‌ಬಾಲ್‌ಗೂ ಒಂದೇ ಮೈದಾನವಾದರೆ ಇನ್ನೊಂದು ತೊಡಕು. ಹಾಕಿಯಲ್ಲಿ ಗೋಲಿನ ಮುಂದೆ ಬಾಗಿಸಿ ಎಳೆಯುವ ‘ಡಿ’ 14.63 ಮೀಟರ್ ತ್ರಿಜ್ಯದ್ದು, ನಮ್ಮ ಬಾಕ್ಸ್ 16.5 ಮೀಟರ್. ಹಳೆಯ ‘ಡಿ’ ಗೆರೆ ಅಳಿಸದೆ ಬಿಟ್ಟರೆ, ಎರಡರ ನಡುವಿನ ಜಾಗದಲ್ಲಿ ಫೌಲ್ ಆದಾಗ ಇಡೀ ತಂಡ ‘ಹೊರಗೆ, ಹೊರಗೆ’ ಎಂದು ಕೂಗುತ್ತದೆ. ಅಳಿಸಿಸಿ. ಗೆರೆ ಆ ಜಾಗಕ್ಕೇ ಸೇರಿದ್ದು, ಬಾಕ್ಸಿನ ಗೆರೆಯ ಮೇಲೆ ಆದ ಫೌಲ್ ಕೂಡ ಪೆನಾಲ್ಟಿಯೇ. ಗೆರೆಗೆ ಸುಟ್ಟ ಸುಣ್ಣ ಬೇಡವೇ ಬೇಡ. ಒದ್ದೆ ನೆಲದಲ್ಲಿ ಅದು ಚರ್ಮ ಸುಡುತ್ತದೆ, ಕಣ್ಣಿಗೆ ಹೋದರೆ ಅನಾಹುತ. ಚಾಕ್ ಪುಡಿ ಅಥವಾ ಬಿಳಿ ಎಮಲ್ಷನ್ ಬಣ್ಣ ಒಳ್ಳೆಯದು.

ಬಾಲ್ ಗೆರೆ ದಾಟಿತೋ ಇಲ್ಲವೋ ಎಂಬ ಜಗಳ ಕೊಡಗಿನಲ್ಲಿ ಸ್ವಲ್ಪ ಹೆಚ್ಚೇ, ಏಕೆಂದರೆ ಜನ ದಿಣ್ಣೆಯ ಮೇಲೆ ಕೂತು ಮೇಲಿನಿಂದ ಓರೆಯಾಗಿ ನೋಡುತ್ತಾರೆ. ನಿಯಮದ ಪ್ರಕಾರ ಇಡೀ ಬಾಲ್ ಇಡೀ ಗೆರೆಯನ್ನು ದಾಟಬೇಕು, ನೆಲದಲ್ಲಾಗಲಿ ಗಾಳಿಯಲ್ಲಾಗಲಿ. ಬಾಲಿನ ಸುತ್ತಳತೆ 68ರಿಂದ 70 ಸೆಂ.ಮೀ., ಅಂದರೆ ಅಡ್ಡಳತೆ ಸುಮಾರು 22. ಹಾಗಾಗಿ ಬಾಲ್ ನೆಲಕ್ಕೆ ತಾಗಿದ ಬಿಂದು ಗೆರೆಯಿಂದ ಹತ್ತು ಸೆಂಟಿಮೀಟರ್ ಹೊರಗಿದ್ದರೂ ಅದರ ಹೊಟ್ಟೆ ಇನ್ನೂ ಗೆರೆಯ ಮೇಲೇ ಇರುತ್ತದೆ. ನಡುವೆ ಹಸಿರು ಹುಲ್ಲು ಕಂಡಿತು ಎಂಬುದು ಸಾಕ್ಷಿಯಲ್ಲ. ಗೆರೆಯ ನೇರಕ್ಕೆ ನಿಂತವನಿಗೆ ಮಾತ್ರ ಇದು ಗೊತ್ತಾಗುತ್ತದೆ. ನೇರಕ್ಕೆ ಇರದಿದ್ದರೆ ಗೋಲ್ ಕೊಡಬೇಡಿ.

ಈಗ ಆಫ್‌ಸೈಡ್. ಹಾಕಿಯಿಂದ ಅದು 1990ರ ದಶಕದಲ್ಲೇ ಹೋಯಿತು, ಹಾಗಾಗಿ ಇಲ್ಲಿನ ಹುಡುಗರಿಗೆ ಅದು ರಕ್ತದಲ್ಲಿ ಬಂದದ್ದಲ್ಲ, ಕಲಿಯಬೇಕಾದದ್ದು. ನಾನು ಎರಡು ಭಾಗ ಮಾಡಿ ಹೇಳಿಕೊಡುತ್ತೇನೆ: ಮೊದಲು ಜಾಗ, ಆಮೇಲೆ ತಪ್ಪು. ತಂಡದವನು ಬಾಲ್ ಆಡಿದ ಕ್ಷಣದಲ್ಲಿ ಆಟಗಾರನ ತಲೆ, ಮೈ ಅಥವಾ ಕಾಲಿನ ಯಾವುದೇ ಭಾಗ ಎದುರಾಳಿಯ ಅರ್ಧದಲ್ಲಿದ್ದು, ಬಾಲಿಗಿಂತಲೂ ಎದುರಾಳಿಯ ಕೊನೆಯಿಂದ ಎರಡನೆಯವನಿಗಿಂತಲೂ ಗೋಲ್ ಗೆರೆಗೆ ಹತ್ತಿರವಿದ್ದರೆ ಅದು ಆಫ್‌ಸೈಡ್ ಜಾಗ. ಕೈಗಳು ಲೆಕ್ಕಕ್ಕಿಲ್ಲ. ಸಮಾನವಾಗಿದ್ದರೆ ಆಫ್‌ಸೈಡ್ ಅಲ್ಲ. ಆ ಜಾಗದಲ್ಲಿ ನಿಂತದ್ದೇ ತಪ್ಪಲ್ಲ. ಅಲ್ಲಿಂದ ಬಾಲ್ ಮುಟ್ಟಿದರೆ, ಕೀಪರನ ನೋಟಕ್ಕೆ ಅಡ್ಡ ನಿಂತರೆ, ಬಾಲಿಗಾಗಿ ಎದುರಾಳಿಯ ಜೊತೆ ಪೈಪೋಟಿಗಿಳಿದರೆ, ಕಂಬಕ್ಕೋ ಕೀಪರನಿಗೋ ತಾಗಿ ಬಂದ ಬಾಲನ್ನು ಆಡಿದರೆ ಆಗ ತಪ್ಪು. ಥ್ರೋ, ಕಾರ್ನರ್, ಗೋಲ್ ಕಿಕ್‌ನಿಂದ ನೇರ ಬಂದ ಬಾಲಿಗೆ ಆಫ್‌ಸೈಡ್ ಇಲ್ಲ.

ಎಲ್ಲರೂ ಎಡವುವುದು ‘ಕೊನೆಯಿಂದ ಎರಡನೆಯವನು’ ಎಂಬಲ್ಲಿ. ಕೀಪರನನ್ನು ಬಿಟ್ಟು ಕೊನೆಯ ಡಿಫೆಂಡರ್ ಎಂದು ಜನ ಅಂದುಕೊಂಡಿದ್ದಾರೆ. ಕಾರ್ನರ್ ಬಾಲ್ ಹಿಡಿಯಲು ಕೀಪರ್ ಮುಂದೆ ನುಗ್ಗಿ ಬಂದ, ಬಾಲ್ ಸಿಗಲಿಲ್ಲ ಎನ್ನಿ. ಗೆರೆಯ ಮೇಲೆ ಒಬ್ಬ ಡಿಫೆಂಡರ್ ಇದ್ದಾನೆ. ಆಗ ಕೊನೆಯವನು ಆ ಡಿಫೆಂಡರ್, ಎರಡನೆಯವನು ಕೀಪರ್ ಆಗಿರಬಹುದು. ದಾಳಿ ಮಾಡುವ ತಂಡದವನು ಎರಡನೇ ಸಲ ಬಾಲ್ ಆಡಿದಾಗ ಆ ಇಬ್ಬರ ನಡುವೆ, ಬಾಲಿಗಿಂತ ಮುಂದೆ ನಿಂತು ಗೋಲ್ ಹೊಡೆದವನು ಆಫ್‌ಸೈಡ್. ಗೆರೆಯ ಮೇಲೆ ಡಿಫೆಂಡರ್ ನಿಂತಿದ್ದನಲ್ಲ ಎಂದು ಇಡೀ ದಿಣ್ಣೆ ಎದ್ದು ನಿಲ್ಲುತ್ತದೆ. ಅಲ್ಲಿ ಗಟ್ಟಿಯಾಗಿ ನಿಲ್ಲಬೇಕಾದವನು ಲೈನ್ಸ್‌ಮನ್.

ಡಿಫೆಂಡರನಿಗೆ ತಾಗಿತು, ಇನ್ನು ಆಫ್‌ಸೈಡ್ ಇಲ್ಲ ಎಂಬ ವಾದವೂ ಬರುತ್ತದೆ. ತಾಗಿದ್ದು ಬೇರೆ, ಬೇಕೆಂದು ಆಡಿದ್ದು ಬೇರೆ. ಬಾಲ್ ದೂರದಿಂದ ಬಂತೇ, ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತೇ, ಮೈ ಸರಿಪಡಿಸಿಕೊಳ್ಳಲು ಸಮಯವಿತ್ತೇ? ಹೌದಾದರೆ ಅವನು ಬಾಲ್ ಆಡಿದ್ದು, ಒದೆತ ಕೆಟ್ಟರೂ ಆಫ್‌ಸೈಡ್ ಕಳೆಯಿತು. ಹತ್ತಿರದಿಂದ ಬಡಿದು ಹೋದರೆ ಆಫ್‌ಸೈಡ್ ಹಾಗೇ ಉಳಿಯುತ್ತದೆ. ಗೋಲಿಗೆ ಹೋಗುವ ಬಾಲನ್ನು ತಡೆದದ್ದು ಯಾವತ್ತೂ ‘ಬೇಕೆಂದು ಆಡಿದ್ದು’ ಎಂಬ ಲೆಕ್ಕಕ್ಕೆ ಬರುವುದಿಲ್ಲ.

ಸ್ಥಳೀಯ ಟೂರ್ನಿಗಳಲ್ಲಿ ಲೈನ್ಸ್‌ಮನ್ ಆಗಿ ತಂಡದವರನ್ನೇ ನಿಲ್ಲಿಸುವುದುಂಟು. ಅವರಿಗೆ ನಾನು ಆಫ್‌ಸೈಡ್ ಒಪ್ಪಿಸುವುದಿಲ್ಲ. ಬಾಲ್ ಪೂರ್ತಿ ಹೊರಗೆ ಹೋದಾಗ ಫ್ಲ್ಯಾಗ್ ಎತ್ತಿ, ಅಷ್ಟು ಸಾಕು ಎಂದು ಪಂದ್ಯಕ್ಕೆ ಮುನ್ನ ಇಬ್ಬರಿಗೂ ಒಟ್ಟಿಗೆ ಹೇಳುತ್ತೇನೆ. ಆಗ ಆಫ್‌ಸೈಡ್ ನನ್ನ ಹೊಣೆ, ಹಾಗಾಗಿ ಮೈದಾನದ ನಡುವೆ ಓಡದೆ ಬದಿಗೆ ಸರಿದು, ಡಿಫೆನ್ಸ್ ಸಾಲಿಗೆ ಆದಷ್ಟು ಸಮಾನವಾಗಿ ಇರುತ್ತೇನೆ. ತರಬೇತಿ ಪಡೆದ ಲೈನ್ಸ್‌ಮನ್ ಸಿಕ್ಕಿದ್ದರೆ ಮಾತ್ರ ಮೂಲೆಯಿಂದ ಮೂಲೆಯ ಕಡೆಗೆ ಓರೆಯಾಗಿ ಓಡುವ ಕರ್ಣದ ದಾರಿ ಹಿಡಿಯುತ್ತೇನೆ: ಆಟ ಸದಾ ನನ್ನ ಮತ್ತು ಮುಂದಿನ ಲೈನ್ಸ್‌ಮನ್ ನಡುವೆ ಇರಬೇಕು.

‘ಹ್ಯಾಂಡ್! ಹ್ಯಾಂಡ್!’ ಎಂಬ ಕೂಗು ಕೂಡ ಹಾಕಿಯ ನೆರಳೇ ಇರಬೇಕು, ಅಲ್ಲಿ ಬಾಲ್ ಕಾಲಿಗೆ ತಾಗಿದೊಡನೆ ‘ಫುಟ್’ ಎಂದು ಕೂಗಿ ರೂಢಿ. ಫುಟ್‌ಬಾಲ್‌ನಲ್ಲಿ ಕೈಗೆ ತಾಗಿದ್ದೆಲ್ಲ ಹ್ಯಾಂಡ್‌ಬಾಲ್ ಅಲ್ಲ. ಕೈ ಶುರುವಾಗುವುದು ಕಂಕುಳಿನ ಕೆಳಮಟ್ಟದಿಂದ, ಭುಜ ಅದರಲ್ಲಿ ಸೇರಿಲ್ಲ. ಬೇಕೆಂದು ಕೈ ಬಾಲಿನ ಕಡೆ ಚಾಚಿದರೆ ತಪ್ಪು. ಓಟಕ್ಕೂ ನೆಗೆತಕ್ಕೂ ಸಂಬಂಧವಿಲ್ಲದಂತೆ ಕೈ ಅಗಲಿಸಿ ಮೈ ದೊಡ್ಡದು ಮಾಡಿಕೊಂಡಿದ್ದರೆ ತಪ್ಪು. ಗೋಲ್ ಹೊಡೆದವನ ಕೈಗೆ ಅರಿವಿಲ್ಲದೆ ತಾಗಿ ನೇರ ಒಳಹೋದರೆ, ಅಥವಾ ತಾಗಿದ ಕೂಡಲೇ ಅವನೇ ಗೋಲ್ ಹೊಡೆದರೆ ಗೋಲ್ ಇಲ್ಲ. ಆದರೆ ಒಬ್ಬನಿಗೆ ಅರಿವಿಲ್ಲದೆ ತಾಗಿ ಬಾಲ್ ಜೊತೆಯವನಿಗೆ ಹೋಗಿ ಅವನು ಹೊಡೆದರೆ ಗೋಲ್ ಸರಿ. ನಾನು ನೋಡುವುದು ಕೈಯನ್ನಲ್ಲ, ಭುಜವನ್ನು. ಭುಜ ಮೈಗೆ ಅಂಟಿದ್ದರೆ ಕೈ ಸಾಮಾನ್ಯವಾಗಿ ಸಹಜ ಜಾಗದಲ್ಲೇ ಇರುತ್ತದೆ.

ಟ್ಯಾಕಲ್‌ಗೆ ಮೂರು ಅಳತೆ. ಗಮನವಿಲ್ಲದೆ ತಾಗಿಸಿದರೆ ಫ್ರೀ ಕಿಕ್ ಮಾತ್ರ. ಎದುರಾಳಿಗೆ ಏನಾದೀತು ಎಂಬ ಪರಿವೆಯಿಲ್ಲದೆ ನುಗ್ಗಿದರೆ ಹಳದಿ. ಮಿತಿಮೀರಿದ ಬಲ ಹಾಕಿ ಎದುರಾಳಿಯ ಮೈಗೆ ಅಪಾಯ ತಂದರೆ ಕೆಂಪು. ‘ಮೊದಲು ಬಾಲ್‌ಗೇ ತಾಗಿದ್ದು ಸರ್’ ಎಂಬುದು ಈ ಮೂರರಲ್ಲಿ ಯಾವುದನ್ನೂ ಅಳಿಸುವುದಿಲ್ಲ. ಒದ್ದೆ ಮೈದಾನದಲ್ಲಿ ಸ್ಲೈಡ್ ಮಾಡಿದವನು ತನ್ನನ್ನು ತಾನೇ ನಿಲ್ಲಿಸಿಕೊಳ್ಳಲಾರ. ಮಳೆ ಬಿದ್ದಿದ್ದರಿಂದ ಜಾರಿದ ಎಂದು ಮನ್ನಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ನೆಲ ಜಾರುತ್ತದೆ ಎಂದು ಅವನಿಗೆ ಮೊದಲೇ ಗೊತ್ತಿತ್ತು.

ಗೋಲಿನ ಅವಕಾಶ ತಪ್ಪಿಸಿದ ಫೌಲ್‌ಗೆ ನಾಲ್ಕು ಸಂಗತಿ ನೋಡಬೇಕು: ಗೋಲ್ ಎಷ್ಟು ದೂರ, ಆಟ ಯಾವ ಕಡೆ ಸಾಗಿತ್ತು, ಬಾಲ್ ಅವನ ಹಿಡಿತಕ್ಕೆ ಬರುತ್ತಿತ್ತೇ, ಬೇರೆ ಡಿಫೆಂಡರ್‌ಗಳು ಎಲ್ಲಿದ್ದರು. ಖಚಿತ ಅವಕಾಶವೇ ಆಗಿದ್ದರೆ ಕೆಂಪು. ಆದರೆ ಬಾಕ್ಸಿನೊಳಗೆ ಬಾಲಿಗಾಗಿ ಪ್ರಯತ್ನಿಸಿಯೇ ಫೌಲ್ ಮಾಡಿ, ಪೆನಾಲ್ಟಿ ಕೊಟ್ಟರೆ ಹಳದಿ ಸಾಕು. ಅಂಗಿ ಎಳೆದರೆ, ಹಿಂದಿನಿಂದ ನೂಕಿದರೆ ಬಾಕ್ಸಿನಲ್ಲೂ ಕೆಂಪೇ. ‘ಲಾಸ್ಟ್ ಮ್ಯಾನ್’ ಎಂಬ ಮಾತು ನಿಯಮದಲ್ಲಿ ಎಲ್ಲೂ ಇಲ್ಲ.

ಹೊಸ ರೆಫರಿಗಳು ಬೇಗ ಊದುತ್ತಾರೆ. ಫೌಲ್ ಕಂಡಾಗ ನಾನು ವಿಸಿಲ್ಲನ್ನು ಬಾಯಲ್ಲಿ ಇಟ್ಟುಕೊಂಡಿರುವುದಿಲ್ಲ, ಕೈಯಲ್ಲಿರುತ್ತದೆ. ಕೈ ಬಾಯಿಗೆ ಬರುವಷ್ಟರಲ್ಲಿ ಎರಡು ಸೆಕೆಂಡ್ ಸಿಗುತ್ತದೆ, ದಾಳಿ ಮುಂದುವರಿಯುತ್ತದೋ ಇಲ್ಲವೋ ಗೊತ್ತಾಗುತ್ತದೆ. ಮುಂದುವರಿದರೆ ಕೈ ಮುಂದೆ ಚಾಚಿ ‘ಅಡ್ವಾಂಟೇಜ್’ ಎಂದು ಕೂಗುತ್ತೇನೆ, ಕೆಲವೇ ಸೆಕೆಂಡುಗಳಲ್ಲಿ ಲಾಭ ಸಿಗದಿದ್ದರೆ ಹಿಂದಕ್ಕೆ ಬಂದು ಫ್ರೀ ಕಿಕ್ ಕೊಡುತ್ತೇನೆ. ಹೊಡೆದಾಟಕ್ಕೆ ತಿರುಗುವ ಲಕ್ಷಣದ ಫೌಲ್‌ಗೆ ಮಾತ್ರ ಕಾಯಬಾರದು.

ಕೀಪರ್ ಬಾಲನ್ನು ಕೈಯಲ್ಲಿಟ್ಟುಕೊಳ್ಳುವ ನಿಯಮ ಬದಲಾದದ್ದು ಹಳ್ಳಿ ಮೈದಾನಗಳಿಗೆ ಇನ್ನೂ ಪೂರ್ತಿ ತಲುಪಿಲ್ಲ. 2025ರ ಜುಲೈಯಿಂದ ಹಳೆಯ 6 ಸೆಕೆಂಡ್ ಹೋಗಿ 8 ಸೆಕೆಂಡ್ ಬಂದಿದೆ, ಮೀರಿದರೆ ಇನ್‌ಡೈರೆಕ್ಟ್ ಅಲ್ಲ, ಎದುರಾಳಿಗೆ ಕಾರ್ನರ್. ಕೊನೆಯ ಐದು ಸೆಕೆಂಡನ್ನು ರೆಫರಿ ಕೈ ಎತ್ತಿ ಬೆರಳಲ್ಲಿ ಎಣಿಸಿ ತೋರಿಸಬೇಕು. ಟಾಸ್ ಹಾಕುವಾಗಲೇ ಎರಡೂ ಕ್ಯಾಪ್ಟನ್‌ಗಳಿಗೆ ಇದನ್ನು ಹೇಳಿಬಿಡಿ.

ನಾಯಿ ಮೈದಾನಕ್ಕೆ ನುಗ್ಗಿ ಆಟಕ್ಕೆ ಅಡ್ಡಿಯಾದರೆ, ಪ್ರೇಕ್ಷಕನೊಬ್ಬ ಊದಿದ ಸೀಟಿಗೆ ಮೋಸಹೋಗಿ ಆಟಗಾರ ಬಾಲ್ ಕೈಗೆತ್ತಿಕೊಂಡರೆ, ಆಟ ನಿಲ್ಲಿಸಿ ಡ್ರಾಪ್ ಬಾಲ್, ಅಂದರೆ ರೆಫರಿ ಬಾಲನ್ನು ನೆಲಕ್ಕೆ ಬಿಟ್ಟು ಆಟ ಶುರುಮಾಡುವುದು. ಅದಕ್ಕೂ ಉಳಿದವರು 4 ಮೀಟರ್ ದೂರವಿರಬೇಕು. ಏಪ್ರಿಲ್, ಮೇ ತಿಂಗಳ ಟೂರ್ನಿಗಳಲ್ಲಿ ಸಂಜೆಯ ಗುಡುಗು ಮಳೆ ಇದ್ದದ್ದೇ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಎಲ್ಲರನ್ನೂ ಕಟ್ಟಡದೊಳಗೆ ಕಳಿಸಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯುತ್ತೇನೆ. ಮರದಡಿ ನಿಲ್ಲಿಸುವುದಿಲ್ಲ. ಬಹುಮಾನ ವಿತರಣೆಗೆ ಅತಿಥಿಗಳು ಬಂದಿದ್ದಾರೆ ಎಂದು ಆಯೋಜಕರು ಅವಸರಿಸುತ್ತಾರೆ, ಆದರೆ ನಿಲ್ಲಿಸುವ ಅಧಿಕಾರ ರೆಫರಿಯದ್ದು. ಮಂಜು ಕವಿದರೆ ಒಂದು ಗೋಲಿನ ಬಳಿ ನಿಂತು ಇನ್ನೊಂದು ಗೋಲ್ ಕಾಣುತ್ತದೋ ನೋಡುತ್ತೇನೆ. ನೀರು ನಿಂತಿದ್ದರೆ ಬಾಲನ್ನು ಭುಜದೆತ್ತರದಿಂದ ಬಿಡುತ್ತೇನೆ. ಪುಟಿಯದೆ ಅಲ್ಲೇ ಕೂತರೆ ಆಡಿಸುವುದಿಲ್ಲ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯ ಕೆಸರುಗದ್ದೆ ಫುಟ್‌ಬಾಲ್ ಬೇರೆಯೇ ಆಟ, ಅದರ ನಿಯಮ ಗದ್ದೆಗಿಳಿಯುವ ಮುನ್ನವೇ ಒಪ್ಪಿಕೊಳ್ಳಬೇಕಾದದ್ದು.

ಪೆನಾಲ್ಟಿ ಶೂಟೌಟ್‌ಗೆ ಎರಡು ಟಾಸ್: ಮೊದಲನೆಯದು ಯಾವ ಗೋಲ್ ಎಂದು, ಎರಡನೆಯದು ಯಾರು ಮೊದಲು ಎಂದು. ಒಂದು ಬದಿ ಕೆಸರಾಗಿದ್ದರೆ ಮೊದಲ ಟಾಸ್ ಬಿಟ್ಟು ರೆಫರಿಯೇ ಗೋಲ್ ಆರಿಸಬಹುದು. ಒಂದು ತಂಡದಲ್ಲಿ ಹತ್ತೇ ಜನ ಉಳಿದಿದ್ದರೆ ಇನ್ನೊಂದು ತಂಡವೂ ಹತ್ತಕ್ಕೆ ಇಳಿಯಬೇಕು. ಒದೆಯುವ ಕ್ಷಣದಲ್ಲಿ ಕೀಪರನ ಒಂದು ಪಾದದ ಸ್ವಲ್ಪ ಭಾಗವಾದರೂ ಗೆರೆಯ ಮೇಲೆ, ಗೆರೆಯ ನೇರಕ್ಕೆ ಅಥವಾ ಹಿಂದೆ ಇರಬೇಕು.

ಜೇಬಿನಲ್ಲಿ ಬಾಲ್ ಪೆನ್ ಬೇಡ, ಪೆನ್ಸಿಲ್ ಇರಲಿ, ಒದ್ದೆ ಕಾಗದದ ಮೇಲೆ ಅದು ಬರೆಯುತ್ತದೆ. ಕಾರ್ಡ್ ತೋರಿಸಿದ ಕೂಡಲೇ ನಿಮಿಷ, ನಂಬರ್, ಕಾರಣ ಬರೆದುಕೊಂಡು ರಿಪೋರ್ಟನ್ನು ಅದೇ ಸಂಜೆ ಮುಗಿಸುತ್ತೇನೆ. ‘ಒರಟಾಗಿ ನಡೆದುಕೊಂಡ’ ಎಂದು ಬರೆದರೆ ಶಿಸ್ತು ಸಮಿತಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಬೇಕು: ‘63ನೇ ನಿಮಿಷ. ಬಾಲ್ ಇನ್ನೊಂದು ಬದಿಯಲ್ಲಿತ್ತು. 8ನೇ ನಂಬರ್ ಆಟಗಾರ ಎದುರಾಳಿ ತಂಡದ 5ನೇ ನಂಬರಿನವನ ಎದೆಗೆ ಮುಷ್ಟಿಯಿಂದ ಒಮ್ಮೆ ಹೊಡೆದ. ನಾನು ಸುಮಾರು 10 ಮೀಟರ್ ದೂರದಲ್ಲಿದ್ದೆ, ನಡುವೆ ಯಾರೂ ಅಡ್ಡವಿರಲಿಲ್ಲ. ಕೆಂಪು ಕಾರ್ಡ್ ತೋರಿಸಿದೆ, ಮಾತಿಲ್ಲದೆ ಹೊರಗೆ ಹೋದ.’