ಹುಣಸೆ ಬೀಜದ ಗೋಂದಿಗೆ ಥಯೋಲ್ ಕೂರಿಸಿದ್ದು: ನನ್ನ ಅನುಭವ

ಎಂ.ಫಾರ್ಮ್ ಪ್ರಾಜೆಕ್ಟ್‌ಗೆ ನಾನು ತಗೊಂಡಿದ್ದು ಹುಣಸೆ ಬೀಜ, ಅದರ ಗೋಂದಿಂದ ಲೋಳೆಪೊರೆಗೆ ಅಂಟಿ ನಿಲ್ಲೋ ಮಾತ್ರೆ ಮಾಡೋಕೆ. ನಮ್ಮದು ತುಮಕೂರು ಕಡೆ, ಕಂಬಳಿ ನೇಯೋರು ಈ ಬೀಜದ ಗಂಜಿನ ನೂಲಿಗೆ ಹಚ್ಚೋದು ಚಿಕ್ಕಂದಿನಿಂದ ಗೊತ್ತು. ಆ ಗಂಜಿಗೆ ಅಂಟು ಕೊಡೋದು ಕ್ಸೈಲೋಗ್ಲೂಕನ್ ಅನ್ನೋ ಪಾಲಿಸ್ಯಾಕರೈಡ್, ಅಂದ್ರೆ ಸಕ್ಕರೆ ಅಣುಗಳ ಉದ್ದ ಸರಪಳಿ. ಲೋಳೆಪೊರೆಗೂ ಅದು ಹಾಗೇ ಅಂಟುತ್ತೆ, ಆದ್ರೆ ಹೈಡ್ರೋಜನ್ ಬಾಂಡ್‌ನ ಹಿಡಿತ ಅಷ್ಟೇ, ಬಾಯಲ್ಲಿ ಜೊಲ್ಲು ಊರಿದ್ರೆ ಮಾತ್ರೆ ಜಾರುತ್ತೆ. ಅದಕ್ಕೆ ಥಯೋಲ್ (ಗಂಧಕ-ಹೈಡ್ರೋಜನ್ ಇರೋ ಎಸ್‌ಎಚ್ ಗುಂಪು) ಕೂರಿಸಿದ್ರೆ ಲೋಳೆಯ ಪ್ರೋಟೀನ್ ಆದ ಮ್ಯೂಸಿನ್‌ನಲ್ಲಿರೋ ಸಿಸ್ಟೀನ್ ಅನ್ನೋ ಅಮೈನೋ ಆಸಿಡ್ ಜೊತೆ ಡೈಸಲ್ಫೈಡ್ ಬಾಂಡ್ (ಎರಡು ಗಂಧಕಗಳ ಬೆಸುಗೆ) ಆಗುತ್ತೆ, ಅದು ಗಟ್ಟಿ.

ಬೀಜದ ಪುಡಿನ ತಣ್ಣೀರಲ್ಲಿ ಕಲಸಿ, ಕುದಿಯೋ ನೀರಿಗೆ ಹಾಕಿ 20 ನಿಮಿಷ ಕುದಿಸಿ, ರಾತ್ರಿಯೆಲ್ಲಾ ಬಿಟ್ಟು, ಮೇಲಿನ ತಿಳಿನ ಎರಡರಷ್ಟು ಎಥನಾಲ್‌ಗೆ ಸುರಿದ್ರೆ ಗೋಂದು ಎಳೆ ಎಳೆಯಾಗಿ ಇಳಿಯುತ್ತೆ. ಆಮೇಲೆ ಆ ಗೋಂದಿಗೆ ಥಯೋಲ್ ಕೊಡೋ ಥಯೋಗ್ಲೈಕೋಲಿಕ್ ಆಸಿಡ್, ಸ್ವಲ್ಪ ಹೈಡ್ರೋಕ್ಲೋರಿಕ್ ಆಸಿಡ್, 80 ಡಿಗ್ರಿಯಲ್ಲಿ ಎರಡೂವರೆ ಗಂಟೆ. ಕೆಟ್ಟ ವಾಸನೆ, ಫ್ಯೂಮ್ ಹುಡ್ ಇಲ್ದೆ ಖಂಡಿತ ಮಾಡ್ಬೇಡಿ. ಕೊನೆಗೆ ಮೆಥನಾಲ್‌ಗೆ ಸುರಿದು ತೊಳೆಯೋದು.

ಈ ತೊಳೆಯೋದ್ರಲ್ಲೇ ನಾನು ಎಡವಿದ್ದು. ಮೊದಲ ಬ್ಯಾಚ್‌ಗೆ ಎಲ್‌ಮನ್ ರಿಏಜೆಂಟ್ (ಥಯೋಲ್ ಇದ್ರೆ ಹಳದಿಯಾಗೋ ರಾಸಾಯನಿಕ) ಹಾಕಿದ್ರೆ ಕಡು ಹಳದಿ, ಆ ಹಳದಿ ಅಳೆಯೋ 412 ನ್ಯಾನೋಮೀಟರ್‌ನಲ್ಲಿ ಭಾರೀ ರೀಡಿಂಗ್, ಖುಷಿಯೋ ಖುಷಿ. ಮಟನ್ ಅಂಗಡಿಯಿಂದ ತಾಜಾ ಮೇಕೆ ಕರುಳು ತಂದು ಸಲೈನ್‌ನಲ್ಲಿ ತೊಳೆದು, ತಕ್ಕಡಿಗೆ ಹೊಂದಿಸಿ ಹನಿ ಹನಿ ನೀರು ಬಿಟ್ಟು ಎಳೆಸಿ ನೋಡಿದ್ರೆ ಮಾಮೂಲಿ ಗೋಂದಿನ ಮಾತ್ರೆ ಎಷ್ಟು ತೂಕಕ್ಕೆ ಕಿತ್ಕೊಂಡು ಬಂತೋ ಇದೂ ಹೆಚ್ಚುಕಮ್ಮಿ ಅಷ್ಟಕ್ಕೇ ಬಂತು! ನಾಲ್ಕು ದಿನ ತಲೆ ಕೆಡಿಸ್ಕೊಂಡ ಮೇಲೆ ಹೊಳೀತು, ಜೆಲ್ ಒಳಗೆ ಸಿಕ್ಕಿಹಾಕ್ಕೊಂಡಿದ್ದ ಬಿಡಿ ಥಯೋಗ್ಲೈಕೋಲಿಕ್ ಆಸಿಡ್ಡೇ ಹಳದಿ ಕೊಡ್ತಿತ್ತು, ಗೋಂದಿಗೆ ಕೂತಿದ್ದು ಸ್ವಲ್ಪವೇ ಸ್ವಲ್ಪ. ಇನ್ನೂ ಕೆಟ್ಟದ್ದಂದ್ರೆ ಆ ಬಿಡಿ ಆಸಿಡ್ ತಾನೇ ಹೋಗಿ ಮ್ಯೂಸಿನ್‌ನ ಸಿಸ್ಟೀನ್ ಹಿಡ್ಕೊಂಡು ಪಾಲಿಮರ್‌ಗೆ ಜಾಗ ಬಿಡಲ್ಲ.

ಅಲ್ಲಿಂದ ಪ್ರತಿ ಸಲ ತೊಳೆದ ಮೆಥನಾಲ್‌ನ ಒಂದೆರಡು ಹನಿ ತಗೊಂಡು, ಬಫರ್‌ನಲ್ಲಿ ಎಲ್‌ಮನ್ ಟೆಸ್ಟ್ ಮಾಡ್ತಿದ್ದೆ. ಆರನೇ ತೊಳೆತಕ್ಕೆ ಹಳದಿ ನಿಂತಿತು. ಥಯೋಲ್ ಲೆಕ್ಕ ಪಾತಾಳಕ್ಕೆ ಇಳೀತು, ಆದ್ರೆ ಮೊದಲ ಸಲ ಮಾತ್ರೆ ಕರುಳಿಗೆ ಕಚ್ಕೊಂಡು ನಿಂತಿತು.

ಓವನ್‌ನಲ್ಲಿ ಒಣಗಿಸಿದ ಬ್ಯಾಚ್‌ನಲ್ಲಿ ಥಯೋಲ್‌ಗಳು ಗಾಳಿಗೆ ಆಕ್ಸಿಡೈಸ್ ಆಗಿ ತಮ್ಮತಮ್ಮಲ್ಲೇ ಬೆಸ್ಕೊಂಡ್ವು, ಆಮೇಲೆ ಫ್ರೀಜ್ ಡ್ರೈ (ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸೋದು) ಮಾಡೋಕೆ ಶುರು ಮಾಡ್ದೆ. ಎಫ್‌ಟಿಐಆರ್‌ನಲ್ಲಿ (ಅತಿಗೆಂಪು ಬೆಳಕಿಂದ ಬಾಂಡ್ ಗುರುತಿಸೋ ಪರೀಕ್ಷೆ) 2550 cm⁻¹ ಹತ್ರ ಬರೋ ಎಸ್‌ಎಚ್ ಪೀಕ್ ತುಂಬಾ ಸಣ್ಣದು, ಅದೊಂದನ್ನೇ ನಂಬ್ಬೇಡಿ. ಕಂಟ್ರೋಲ್‌ಗೆ, ಅಂದ್ರೆ ಹೋಲಿಕೆಗೆ, ಏನೂ ಮಾಡದ ಹಸಿ ಗೋಂದು ಇಡ್ಬೇಡಿ, ಥಯೋಗ್ಲೈಕೋಲಿಕ್ ಬಿಟ್ಟು ಅದೇ ಹೈಡ್ರೋಕ್ಲೋರಿಕ್ ಆಸಿಡ್, ಅದೇ ಬಿಸಿ ಕೊಟ್ಟ ಗೋಂದನ್ನೇ ಇಡಿ, ಯಾಕಂದ್ರೆ ಆಸಿಡ್‌ನಲ್ಲಿ ಕಾಯಿಸಿದ್ರೆ ಪಾಲಿಮರ್ ಸರಪಳಿ ತುಂಡಾಗಿ ಸ್ನಿಗ್ಧತೆ ಹೇಗಿದ್ರೂ ಬೀಳುತ್ತೆ.