ಫಂಕ್ಷನ್ ಏನು ವಾಪಸ್ ಕೊಟ್ಟಿತು, ಮೊದಲು ಅದನ್ನು ನೋಡಿ

ಬದಿಯಡ್ಕದಲ್ಲಿ ಅಪ್ಪನದು ಅಡಿಕೆ ವ್ಯಾಪಾರ. ಅಂಗಡಿಯ ಲೆಕ್ಕಕ್ಕೆಂದು, ವೆಬ್ ಪುಟ ಮಾಡುವ ಪ್ರೋಗ್ರಾಮಿಂಗ್ ಭಾಷೆಯಾದ ಪಿಎಚ್‌ಪಿಯಲ್ಲಿ ಒಂದು ಪುಟ ಮಾಡಿಕೊಟ್ಟಿದ್ದೆ. ‘ಅಡಿಕೆ’ ಎಂದು ಹುಡುಕಿದರೆ ‘ಹಳೆ ಅಡಿಕೆ 40 ಕಿಲೋ’ ಬರುತ್ತಿತ್ತು. ‘ಅಡಿಕೆ ಹೊಸತು 25 ಕಿಲೋ’ ಬರುತ್ತಲೇ ಇರಲಿಲ್ಲ.

“ಹೊಸತರ ಲೆಕ್ಕ ಎಲ್ಲಿ ಹೋಯಿತು ಮಾರಾಯಾ?” ಎಂದು ಅಪ್ಪ ಕೇಳಿದರು.

ತಪ್ಪು ಇದ್ದದ್ದು ಒಂದೇ ಸಾಲಿನಲ್ಲಿ. ‘ಸ್ಟ್ರ್‌ಪೋಸ್’ ಎಂಬ ಫಂಕ್ಷನ್ (ಒಂದು ಕೆಲಸ ಮಾಡಿ ಉತ್ತರ ವಾಪಸ್ ಕೊಡುವ ಆಜ್ಞೆ) ಪದ ಇದೆಯೋ ಇಲ್ಲವೋ ಹೇಳುತ್ತದೆ ಅಂದುಕೊಂಡು, ಅದನ್ನು ಸೀದಾ ‘ಇಫ್’ ಎಂಬ ಷರತ್ತಿನ ಒಳಗೆ ಹಾಕಿದ್ದೆ. ಅದು ಹೇಳುವುದು ಪದ ಎಷ್ಟನೇ ಜಾಗದಲ್ಲಿದೆ ಅಂತ. ಎಣಿಕೆ ಸೊನ್ನೆಯಿಂದ ಶುರು. ‘ಅಡಿಕೆ ಹೊಸತು’ ಸಾಲಿನಲ್ಲಿ ಪದ ಮೊದಲಿಗೇ ಇದೆ, ಹಾಗಾಗಿ 0 ಬರುತ್ತದೆ. ಪದ ಸಿಗದಿದ್ದರೆ ‘ಫಾಲ್ಸ್’ ಬರುತ್ತದೆ. ಇಫ್‌ಗೆ ಎರಡೂ ಒಂದೇ, ‘ಇಲ್ಲ’ ಅಂತಲೇ ಅರ್ಥ!

ಅದಕ್ಕೇ ‘!== ಫಾಲ್ಸ್’ ಎಂದು ಹೋಲಿಸಿ, ಆಗ 0 ಬೇರೆ, ಫಾಲ್ಸ್ ಬೇರೆ. ಆಶ್ಚರ್ಯ ಚಿಹ್ನೆಯ ನಂತರ ಸಮ ಚಿಹ್ನೆ ಎರಡು ಇರಲೇಬೇಕು. ಒಂದೇ ಹಾಕಿದರೆ ಮತ್ತೆ ಅದೇ ಕಥೆ. 2020ರಲ್ಲಿ ಬಂದ ಪಿಎಚ್‌ಪಿ 8 ನಿಮ್ಮಲ್ಲಿದ್ದರೆ ‘ಸ್ಟ್ರ್ ಕಂಟೇನ್ಸ್’ ಬಳಸಿ. ಅದು ಟ್ರೂ ಅಥವಾ ಫಾಲ್ಸ್ ಮಾತ್ರ ಕೊಡುತ್ತದೆ.

ಅನುಮಾನ ಬಂದಾಗ ‘ಎಕೋ’ ಮಾಡಿ (ಪುಟದಲ್ಲಿ ಸುಮ್ನೆ ಮುದ್ರಿಸಿ) ನೋಡಬೇಡಿ. ಎಕೋದಲ್ಲಿ ಫಾಲ್ಸ್ ಕಾಣುವುದೇ ಇಲ್ಲ, ಟ್ರೂ ಬರೀ 1 ಆಗುತ್ತದೆ. ‘ವಾರ್ ಡಂಪ್’ ಮಾಡಿ. ಬಂದದ್ದು ಸಂಖ್ಯೆಯೋ ಫಾಲ್ಸೋ ಬಿಡಿಸಿ ತೋರಿಸುತ್ತದೆ.

ನಾನು ಹಾಗೆ ನೋಡಿದಾಗ ‘ಹಳೆ ಅಡಿಕೆ’ಗೆ 10 ಬಂತು. ಕಣ್ಣಿಗೆ ಕಾಣುವುದು ‘ಹ’, ‘ಳೆ’, ಒಂದು ಖಾಲಿ ಜಾಗ, ಅಷ್ಟೇ ಅಲ್ವಾ? ಆದರೆ ಸ್ಟ್ರ್‌ಪೋಸ್ ಎಣಿಸುವುದು ಕಂಪ್ಯೂಟರ್ ಅಕ್ಷರ ಇಡುವ ಅಳತೆಯಾದ ಬೈಟ್‌ಗಳನ್ನು. ಅಕ್ಷರಗಳನ್ನು ಬೈಟ್ ಆಗಿಸುವ ಯುಟಿಎಫ್-8 ಕ್ರಮದಲ್ಲಿ ‘ಹ’, ‘ಳ’, ಎತ್ವ, ಪ್ರತಿಯೊಂದಕ್ಕೂ ಮೂರು ಬೈಟ್. ಖಾಲಿ ಜಾಗಕ್ಕೆ ಒಂದು. ಒಟ್ಟು ಹತ್ತು. ‘ಎಂಬಿ ಸ್ಟ್ರ್‌ಪೋಸ್’ ಆದರೆ ಬೈಟ್ ಬಿಟ್ಟು ಅಕ್ಷರ ಎಣಿಸಿ 4 ಕೊಡುತ್ತದೆ, ಎತ್ವವನ್ನೂ ಬೇರೆಯಾಗಿ ಎಣಿಸುವುದರಿಂದ. ಕನ್ನಡದಲ್ಲಿ ಕೆಲಸ ಮಾಡುವವರು ಇದನ್ನು ಮರೆಯಲೇಬಾರದು.

‘ಸಾರ್ಟ್’ ವಿಷಯದಲ್ಲೂ ಜಾಗ್ರತೆ. ಅದು ಪಟ್ಟಿಯನ್ನು ಇದ್ದಲ್ಲೇ ಜೋಡಿಸಿ ಟ್ರೂ ವಾಪಸ್ ಕೊಡುತ್ತದೆ. ‘$ಪಟ್ಟಿ = ಸಾರ್ಟ್($ಪಟ್ಟಿ)’ ಎಂದು ಬರೆದರೆ ಪಟ್ಟಿ ಹೋಗಿ ಟ್ರೂ ಒಂದೇ ಉಳಿಯುತ್ತದೆ. ಸುಮ್ನೆ ‘ಸಾರ್ಟ್($ಪಟ್ಟಿ)’ ಸಾಕು.

ನೀವೇ ಬರೆದ ಫಂಕ್ಷನ್‌ನಿಂದ ‘ನಲ್’ (ಏನೂ ಇಲ್ಲ ಎಂಬ ಉತ್ತರ) ಬರುತ್ತಿದೆಯಾ? ಕೊನೆಯಲ್ಲಿ ಉತ್ತರ ವಾಪಸ್ ಕೊಡುವ ‘ರಿಟರ್ನ್’ ಬರೆದಿದ್ದೀರಾ ನೋಡಿ.