ಕ್ಯಾರವಾನ್ ಎಳೆಯುವ ಎಸ್‌ಯುವಿ: ನೊಗದ ಭಾರ ನೋಡಿ ಕೊಳ್ಳಿ

ಮೆಲ್ಬರ್ನ್‌ನಲ್ಲಿ ಡಿಸೆಂಬರ್ ಹತ್ತಿರವಾದರೆ ನಮ್ಮ ಕನ್ನಡ ಬಳಗದ ಒಂದು ಮನೆಯಲ್ಲಾದರೂ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ, ಕೊಳ್ಳುವ ಮಾತು ಏಳುತ್ತದೆ. ಮಕ್ಕಳಿಗೆ ಬೇಸಿಗೆ ರಜೆ, ಊರಿನಿಂದ ಅಜ್ಜ ಅಜ್ಜಿ ಬಂದಿರುತ್ತಾರೆ, ಕಡಲತೀರದ ಹೋಟೆಲ್ ದರ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಕ್ಯಾರವಾನ್ ಎಂದ ಮೇಲೆ ಅದನ್ನು ಎಳೆಯಲು ಏಳು ಸೀಟಿನ ಎಸ್‌ಯುವಿಯೂ ಬೇಕು. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿರುವ ‘ಎಳೆಯುವ ಸಾಮರ್ಥ್ಯ’ ನೋಡಿ, ದೊಡ್ಡ ಅಂಕಿಗೆ ಮುಂಗಡ ಕೊಟ್ಟು ಬರುವುದು. ಹಾಗೆ ಕೊಂಡು ಪೇಚಿಗೆ ಸಿಕ್ಕ ಮೂರು ಕುಟುಂಬಗಳನ್ನು ನಾನು ಬಲ್ಲೆ. ಅದರಲ್ಲಿ ಮೊದಲನೆಯದು ನಮ್ಮದೇ.

1. ಮೊದಲು ಕ್ಯಾರವಾನ್, ಆಮೇಲೆ ಕಾರು

ಕ್ಯಾರವಾನಿಗೆ ಅಂಟಿಸಿದ ಲೋಹದ ಫಲಕದಲ್ಲಿ ಎಟಿಎಂ ಎಂಬ ಅಂಕಿ ಇರುತ್ತದೆ. ಇದು ಹಣ ಕೊಡುವ ಎಟಿಎಂ ಅಲ್ಲ, ಕಸಿಯುವ ಎಟಿಎಂ. ಸಾಮಾನು, ನೀರು, ಗ್ಯಾಸು ಎಲ್ಲ ತುಂಬಿದ ಮೇಲೆ ಅದು ತೂಗಬಹುದಾದ ಗರಿಷ್ಠ ತೂಕ ಅದು. ಮಾರುವವರು ಮಾತ್ರ ಟೇರ್ ತೂಕವನ್ನೇ, ಅಂದರೆ ಖಾಲಿ ತೂಕವನ್ನೇ ಮತ್ತೆ ಮತ್ತೆ ಹೇಳುತ್ತಾರೆ. 95 ಲೀಟರಿನ ಎರಡು ನೀರಿನ ಟ್ಯಾಂಕ್ ತುಂಬಿದರೆ ಅಲ್ಲಿಗೇ 190 ಕೆ.ಜಿ. ಏರಿತು. ಟೇರ್ ಮರೆತುಬಿಡಿ, ಎಟಿಎಂ ಬರೆದುಕೊಳ್ಳಿ.

2. ಆಗದವನ್ನು ಪಟ್ಟಿಯಿಂದ ಹೊಡೆದುಹಾಕಿ

ಇದು ಹತ್ತು ನಿಮಿಷದ ಕೆಲಸ. ಆಸ್ಟ್ರೇಲಿಯಾದಲ್ಲಿ ಮಾರುವ ಮಿತ್ಸುಬಿಷಿ ಔಟ್‌ಲ್ಯಾಂಡರ್ 1,600 ಕೆ.ಜಿ., ಟೊಯೋಟಾ ಕ್ಲೂಗರ್ 2,000, 2022ರಲ್ಲಿ ಬಂದ ಪೀಳಿಗೆಯ ನಿಸ್ಸಾನ್ ಪಾತ್‌ಫೈಂಡರ್ 2,700, ಫೋರ್ಡ್ ಎವರೆಸ್ಟ್ ಮತ್ತು ಹೊಸ ಟೊಯೋಟಾ ಪ್ರಾಡೊ 3,500 ಕೆ.ಜಿ. ಎಳೆಯಬಹುದು ಎಂದು ಕಂಪನಿಗಳೇ ಹೇಳುತ್ತವೆ. ಹೆಸರು ನೋಡಿ ತೀರ್ಮಾನಿಸಬೇಡಿ. 2019ರಲ್ಲಿ ಬಂದ ಪೀಳಿಗೆಯ ಟೊಯೋಟಾ ರಾವ್4 ಹೈಬ್ರಿಡ್‌ನಲ್ಲಿ ನಾಲ್ಕೂ ಚಕ್ರ ಓಡುವ ಮಾದರಿಗೆ 1,500 ಕೆ.ಜಿ. ಮಿತಿ, ಮುಂದಿನ ಎರಡೇ ಚಕ್ರ ಓಡುವ ಮಾದರಿಗೆ 480. ಹೊರಗಿನಿಂದ ಎರಡೂ ಅವಳಿ ಮಕ್ಕಳಂತೆ ಕಾಣುತ್ತವೆ.

ಈ ಅಂಕಿಗಳೆಲ್ಲ ಬ್ರೇಕ್ ಇರುವ ಟ್ರೇಲರಿಗೆ. 750 ಕೆ.ಜಿ. ದಾಟಿದ ಟ್ರೇಲರಿಗೆ ತನ್ನದೇ ಬ್ರೇಕ್ ಇರಬೇಕು. 2,000 ದಾಟಿದರೆ ಎಲ್ಲ ಚಕ್ರಗಳಿಗೂ ಬ್ರೇಕ್ ಬೇಕು, ಜೊತೆಗೆ ಕೊಂಡಿ ಕಳಚಿಕೊಂಡರೆ ಟ್ರೇಲರ್ ತಾನಾಗಿಯೇ ನಿಲ್ಲುವ ವ್ಯವಸ್ಥೆಯೂ ಬೇಕು.

3. ನೊಗದ ಲೆಕ್ಕ

ಇಲ್ಲಿ ನಿಧಾನಿಸಿ, ಎಡವುವವರೆಲ್ಲ ಎಡವುವುದು ಇಲ್ಲೇ.

ಎತ್ತಿನ ಗಾಡಿಗೆ ಹುಲ್ಲು ಹೇರುವುದನ್ನು ನೋಡಿದವರಿಗೆ ಈ ವಿಷಯವನ್ನು ಅರ್ಧ ಹೇಳಿದರೆ ಸಾಕು. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ, ಮುಂಭಾರವಾದರೆ ನೊಗ ಹೆಗಲಿಗೆ ಒತ್ತುತ್ತದೆ. ಕ್ಯಾರವಾನ್ ಕೂಡ ಗಾಡಿಯೇ. ಅದರ ಮೂತಿ ಕಾರಿನ ಹಿಂದಿನ ಟೋ ಬಾಲ್ ಮೇಲೆ ಕೂರುತ್ತದೆ. ಆ ಉಂಡೆಯ ಮೇಲೆ ಬೀಳುವ ಭಾರ ಕ್ಯಾರವಾನ್ ತೂಕದ ಸುಮಾರು ಶೇ 10ರಷ್ಟು ಇರಬೇಕು ಎಂಬುದು ಇಲ್ಲಿನ ರೂಢಿ. ಕಡಿಮೆಯಾದರೆ ಹೆದ್ದಾರಿಯಲ್ಲಿ ಕ್ಯಾರವಾನ್ ಬಾಲ ಆಡಿಸಲು ತೊಡಗುತ್ತದೆ. ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳಿಗೆ ಹಿಡಿತ ಸಾಲದು, ರಾತ್ರಿ ಹೆಡ್‌ಲೈಟು ಆಕಾಶ ನೋಡುತ್ತದೆ.

ಈ ನೊಗದ ಭಾರವನ್ನು ಕಾರು ಎಳೆಯುವುದಿಲ್ಲ, ಹೊರುತ್ತದೆ. ಆದ್ದರಿಂದ ಅದನ್ನು ಕಾರಿನ ಒಳಗೆ ಕೂತ ಜನರ ಜೊತೆ ಲೆಕ್ಕ ಹಿಡಿಯಬೇಕು. ನಮಗೆ ಕಾರು ಮಾರಿದಾತ ‘ಎರಡು ಟನ್ ಆರಾಮವಾಗಿ ಎಳೆಯುತ್ತದೆ’ ಎಂದು ಮೂರು ಸಲ ಹೇಳಿದ, ಇದನ್ನು ಒಂದು ಸಲವೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಲೆಕ್ಕ ಸುಲಭವಾಗಲೆಂದು ಎರಡು ಟನ್ ಎಳೆಯುವ ಒಂದು ಕಾಲ್ಪನಿಕ ಎಸ್‌ಯುವಿ ಹಿಡಿಯೋಣ. ಇಂಧನ ಟ್ಯಾಂಕ್ ತುಂಬಿದಾಗ ಅದರ ತೂಕ 2,100 ಕೆ.ಜಿ. ಜನ, ಸಾಮಾನು ಸೇರಿ ಅದು ತೂಗಬಹುದಾದ ಗರಿಷ್ಠ ತೂಕ, ಅಂದರೆ ಜಿವಿಎಂ, 2,700. ನಮ್ಮ ಕೈಯಲ್ಲಿ ಉಳಿದದ್ದು 600. ಈಗ ಕಳೆಯುತ್ತಾ ಬನ್ನಿ. ಟೋ ಬಾಲ್ ಕೂರಿಸುವ ಕಬ್ಬಿಣದ ಚೌಕಟ್ಟು, ಅಂದರೆ ಟೋ ಬಾರ್ 40, ಗಂಡ ಹೆಂಡತಿ 140, ಇಬ್ಬರು ಮಕ್ಕಳು 70, ಶಿವಮೊಗ್ಗದಿಂದ ಬಂದ ಅಜ್ಜ ಅಜ್ಜಿ 125. ಡಿಕ್ಕಿಯಲ್ಲಿ ಸಣ್ಣ ಫ್ರಿಜ್, ಅಕ್ಕಿ ಚೀಲ, ಕುಕ್ಕರ್, ಕ್ರಿಕೆಟ್ ಕಿಟ್ ಎಲ್ಲ ಸೇರಿ 80. ಒಟ್ಟು 455 ಆಯಿತು, ಇನ್ನು 145 ಉಳಿದಿದೆ. ಹಿಂದೆ ಕಟ್ಟುವ ಕ್ಯಾರವಾನಿನ ಎಟಿಎಂ 1,800 ಎಂದಿಟ್ಟುಕೊಂಡರೆ ನೊಗದ ಭಾರ 180. ಮಿತಿ 35 ಕೆ.ಜಿ. ಮೀರಿತು. ಎರಡು ಟನ್ ಎಳೆಯುವ ಕಾರು 1,800ರ ಕ್ಯಾರವಾನಿಗೇ ಕಾನೂನು ಮುರಿಯಿತು! ನಾಳೆ ಅಪಘಾತವಾದರೆ ವಿಮೆಯವರು ಕೈ ತೊಳೆದುಕೊಳ್ಳಲು ಇದೇ ನೆಪವಾಗಬಹುದು.

ಇನ್ನೊಂದು ಅಂಕಿ ಜಿಸಿಎಂ: ಕಾರು, ಕ್ಯಾರವಾನ್ ಎರಡೂ ಸೇರಿ ದಾಟಬಾರದ ತೂಕ. ನಮ್ಮ ಕಾಲ್ಪನಿಕ ಕಾರಿಗೆ ಅದು 4,500 ಇರಲಿ. ಕಾರು, ಜನ, ಸಾಮಾನು ಸೇರಿ 2,555; ಅದಕ್ಕೆ 1,800 ಸೇರಿಸಿದರೆ 4,355, ಪಾಸು. ಆದರೆ ಜಾಹೀರಾತು ಹೇಳಿದಂತೆ ಪೂರಾ 2,000ದ ಕ್ಯಾರವಾನ್ ಕಟ್ಟಿದರೆ 4,555, ನಪಾಸು. (ಇಲ್ಲಿ ನೊಗದ ಭಾರವನ್ನು ಮತ್ತೆ ಕೂಡಿಸಬೇಡಿ, ಅದು ಎಟಿಎಂ ಒಳಗೇ ಇದೆ.) 3,500 ಎಳೆಯುವ ದೊಡ್ಡ ಗಾಡಿಗಳನ್ನೂ ಈ ಲೆಕ್ಕಕ್ಕೆ ಒಡ್ಡಿ ನೋಡಿ. ಪೂರ್ತಿ 3,500 ಕಟ್ಟಿದ ಮೇಲೆ ಒಳಗೆ ಇಬ್ಬರು ಕೂತು, ಮೂರನೆಯವರನ್ನು ಬಸ್ಸಿಗೆ ಹತ್ತಿಸಬೇಕಾದ ಗಾಡಿಗಳೂ ಸಿಗುತ್ತವೆ.

ಟೋ ಬಾಲ್ ಹೊರುವ ಭಾರಕ್ಕೆ ಕಂಪನಿ ಬೇರೆಯೇ ಮಿತಿ ಇಟ್ಟಿರುತ್ತದೆ. ಅದು ಸಾಮಾನ್ಯವಾಗಿ ಕೈಪಿಡಿಯಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಹಿಂದಿನ ಪೀಳಿಗೆಯ ಕೆಲವು ಕೊರಿಯನ್ ಎಸ್‌ಯುವಿಗಳಲ್ಲಿ ಎಳೆಯಲು 2,000 ಕೆ.ಜಿ. ಇದ್ದರೂ ನೊಗಕ್ಕೆ 100 ಮಾತ್ರ ಇತ್ತು. ಹಳೆಯ ಕಾರು ಕೊಳ್ಳುವವರು ಇದನ್ನು ಮೊದಲು ನೋಡಲಿ.

ಅಡ್ಡದಾರಿಗಳ ಬಗ್ಗೆ ಒಂದು ಮಾತು. ಹಿಂದಿನ ಸ್ಪ್ರಿಂಗ್ ಒಳಗೆ ತೂರಿಸುವ ಗಾಳಿ ಚೀಲಗಳನ್ನು ಎಲ್ಲ ರೋಗಕ್ಕೂ ಮದ್ದು ಎನ್ನುವಂತೆ ಮಾರುತ್ತಾರೆ. ಅವು ಕುಸಿದ ಹಿಂಭಾಗವನ್ನು ಎತ್ತಿ ತೋರಿಸುತ್ತವೆ, ಜಿವಿಎಂ ಅನ್ನು ಒಂದು ಕೆ.ಜಿ.ಯೂ ಹೆಚ್ಚಿಸುವುದಿಲ್ಲ. ಜ್ವರ ಬಂದವನಿಗೆ ಪೌಡರ್ ಹಚ್ಚಿದ ಹಾಗೆ. ಕ್ಯಾರವಾನಿನ ಬೆನ್ನಿಗೆ ಸೈಕಲ್ ನೇತುಹಾಕಿ ನೊಗ ಹಗುರ ಮಾಡುವ ಜಾಣರೂ ಇದ್ದಾರೆ. ದಯವಿಟ್ಟು ಬೇಡ, ಬಾಲ ಆಡುವುದಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ನೀರಿನ ಟ್ಯಾಂಕ್ ಖಾಲಿ ಮಾಡಿ, ಡಿಕ್ಕಿಯ ಭಾರದ ಸಾಮಾನನ್ನು ಕ್ಯಾರವಾನಿನ ಅಚ್ಚಿನ ನೇರಕ್ಕೆ ನೆಲದ ಮೇಲೆ ಇಡುವುದೇ ಸರಿಯಾದ ದಾರಿ.

4. ಓಡಿಸಿ ನೋಡುವುದು

ಲೆಕ್ಕದಲ್ಲಿ ಪಾಸಾದ ಎರಡೋ ಮೂರೋ ಗಾಡಿಗಳು ಉಳಿಯುತ್ತವೆ. ಇನ್ನು ಧೈರ್ಯದ ಪ್ರಶ್ನೆ, ಮನೆಯಲ್ಲಿ ಅತಿ ಹೆಚ್ಚು ಅಳುಕಿರುವವರು ಓಡಿಸಿ ಒಪ್ಪಬೇಕು. ನಮ್ಮ ಮನೆಯಲ್ಲಿ ಅದು ನಾನು. ಶೋರೂಮಿನವರು ಕರೆದೊಯ್ಯುವ ನುಣುಪಾದ ಸುತ್ತು ಸಾಲದು. ಏರು ಇರುವ ಬೀದಿ ಹುಡುಕಿ ನಡುವೆ ನಿಲ್ಲಿಸಿ ಹೊರಡಿಸಿ. ಇಳಿಜಾರಿನಲ್ಲಿ ಗೇರನ್ನು ಕೈಯಿಂದ ಇಳಿಸಿ, ಎಂಜಿನ್ ಗಾಡಿಯನ್ನು ತಡೆಯುತ್ತದೆಯೇ ನೋಡಿ. ‘ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ’ ಎಂದು ಆಗುಂಬೆ ಘಾಟಿಯ ಚಾಲಕರು ಹೇಳುವ ಮಾತು, ಕ್ಯಾನ್‌ಬೆರಾದಿಂದ ಕಡಲಿಗೆ ಇಳಿಯುವ ಕ್ಲೈಡ್ ಮೌಂಟನ್ ರಸ್ತೆಗೂ ಸಲ್ಲುತ್ತದೆ. ಬೆನ್ನ ಹಿಂದೆ ಎರಡು ಟನ್ ತಳ್ಳುತ್ತಿರುವಾಗ ಬ್ರೇಕನ್ನೇ ನೆಚ್ಚಿಕೊಂಡರೆ ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬರುತ್ತದೆ.

ನನ್ನ ಆಯ್ಕೆ ಕೇಳಿದರೆ: ಎರಡು ಟನ್ ಸಮೀಪದ ಕ್ಯಾರವಾನಿಗೆ ಎಂಜಿನ್ ನಿಧಾನ ತಿರುಗುವಾಗಲೇ ಎಳೆಯುವ ಬಲ (ಟಾರ್ಕ್) ಕೊಡುವ ಡೀಸೆಲ್, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಹೆಚ್ಚು ಅಂತರ, ಹಿಂದಿನ ಚಕ್ರದಿಂದ ಟೋ ಬಾಲ್‌ಗೆ ಕಡಿಮೆ ಅಂತರ. ದೊಡ್ಡ ರಿಮ್ಮಿಗೆ ಚಪ್ಪಟೆ ಟಯರ್ ಹಾಕಿದ ದುಬಾರಿ ಮಾದರಿ ಬೇಡ, ಅದು ಮದುವೆ ಮನೆಗೆ ಸರಿ. ಹಿಂದಿನ ಕ್ಯಾಮೆರಾದಲ್ಲಿ ಟೋ ಬಾಲ್ ಕಾಣಿಸುವುದಾದರೆ ಅದಕ್ಕೆ ಹಣ ಕೊಡಿ, ಒಬ್ಬರೇ ಕೊಂಡಿ ಹಾಕಬಹುದು. ಟ್ರೇಲರಿನ ಬಾಲದಾಟ ಗುರುತಿಸಿ ತಾನೇ ಬ್ರೇಕ್ ಹಿಡಿಯುವ ವ್ಯವಸ್ಥೆ ಇಲ್ಲದ ಕಾರನ್ನು ನಾನು ಮುಟ್ಟುವುದಿಲ್ಲ.

ಟ್ರೇಲರ್ ಕಟ್ಟಿ ಓಡಿಸಿ ನೋಡಲು ಶೋರೂಮಿನವರು ಬಿಡುವುದು ಅಪರೂಪ. ಹಾಗಾದರೆ ಅದೇ ಮಾದರಿ ಇರುವ ಸ್ನೇಹಿತರನ್ನು ಹುಡುಕಿ, ಒಂದು ದಿನಕ್ಕೆ ಟ್ರೇಲರ್ ಬಾಡಿಗೆಗೆ ತನ್ನಿ. ಹೆದ್ದಾರಿಯಲ್ಲಿ ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗ ಗಾಳಿ ಮೊದಲು ತಳ್ಳುತ್ತದೆ, ಆಮೇಲೆ ಸೆಳೆಯುತ್ತದೆ. ಆಗ ಕಾರು ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದರಲ್ಲೇ ಅದರ ಯೋಗ್ಯತೆ ತಿಳಿಯುತ್ತದೆ. ಎಂದಾದರೂ ಹಿಂದಿನದು ತೊನೆಯತೊಡಗಿದರೆ ಸ್ಟಿಯರಿಂಗ್ ನೇರವಾಗಿ ಹಿಡಿದು, ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸಿ, ಡ್ಯಾಶ್‌ಬೋರ್ಡಿನಲ್ಲಿರುವ ಗುಂಡಿಯಿಂದ ಕ್ಯಾರವಾನಿನ ಬ್ರೇಕನ್ನು ಮಾತ್ರ ಒತ್ತಿ. ಗಾಬರಿಯಲ್ಲಿ ಕಾರಿನ ಬ್ರೇಕ್ ತುಳಿದರೆ ಹಿಂದಿನದು ಮುಂದೆ ಬರುತ್ತದೆ.

ಕನ್ನಡಿಗಳು: ಕ್ಯಾರವಾನ್ ಕಾರಿಗಿಂತ ಅಗಲವಾಗಿದ್ದರೆ ಉದ್ದ ಚಾಚುವ ಕನ್ನಡಿ ಬೇಕೇ ಬೇಕು. ಪಟ್ಟಿ ಬಿಗಿದು ಕಟ್ಟುವ ಅಗ್ಗದ ಕನ್ನಡಿಗಳನ್ನು ಕೊಂಡು ನಾನು ಒಂದೇ ಪ್ರಯಾಣದಲ್ಲಿ ಎಸೆದೆ. 80 ಕಿ.ಮೀ. ವೇಗದಲ್ಲಿ ಅವು ನಡುಗುವಾಗ ಹಿಂದಿನ ಒಂದು ಕಾರು ನಾಲ್ಕಾಗಿ ಕಾಣುತ್ತದೆ.

5. ವೇ ಬ್ರಿಡ್ಜ್

ಕೊಂಡಾಯಿತು, ತುಂಬಿಸಿಯೂ ಆಯಿತು. ಹೊರಡುವ ಹಿಂದಿನ ದಿನ ಇಡೀ ಸಂಸಾರವನ್ನು ಕೂರಿಸಿಕೊಂಡು ಸಾರ್ವಜನಿಕ ವೇ ಬ್ರಿಡ್ಜ್‌ಗೆ ಹೋಗಿ. ಮಂಡ್ಯದಲ್ಲಿ ಕಬ್ಬಿನ ಲಾರಿ ತೂಗುವುದು ಇದರ ಮೇಲೆಯೇ. ಕ್ಯಾರವಾನ್ ಕಟ್ಟಿಕೊಂಡೇ ಮೊದಲು ಕಾರನ್ನು ಮಾತ್ರ ಹಲಗೆಯ ಮೇಲೆ ನಿಲ್ಲಿಸಿ ತೂಗಿಸಿ, ಆಮೇಲೆ ಎರಡನ್ನೂ. ಮೊದಲ ಅಂಕಿ ಜಿವಿಎಂ ದಾಟಬಾರದು, ಎರಡನೆಯದು ಜಿಸಿಎಂ ದಾಟಬಾರದು. ನಮ್ಮದನ್ನು ತೂಗಿಸಿದ ದಿನ ಅಕ್ಕಿ ಚೀಲ, ಫ್ರಿಜ್ ಮತ್ತು ಮಾವನವರ ಒಂದು ಸೂಟ್‌ಕೇಸ್ ಮನೆಗೆ ವಾಪಸಾದವು.

6. ಹಿಂದಕ್ಕೆ ತೆಗೆಯುವುದು

ಭಾನುವಾರ ಬೆಳಿಗ್ಗೆ ಖಾಲಿ ಮೈದಾನ ಹುಡುಕಿ. ಕೈಯನ್ನು ಸ್ಟಿಯರಿಂಗಿನ ಕೆಳತುದಿಯಲ್ಲಿ ಹಿಡಿಯಿರಿ. ಕೈ ಯಾವ ಕಡೆ ಸರಿಯುತ್ತದೋ ಟ್ರೇಲರಿನ ಹಿಂಭಾಗ ಅದೇ ಕಡೆ ಹೋಗುತ್ತದೆ. ಗಿಡ್ಡ ಟ್ರೇಲರ್ ಚಟಕ್ಕನೆ ತಿರುಗುತ್ತದೆ, ಉದ್ದದ ಕ್ಯಾರವಾನ್ ನಿಧಾನಿ. ಬಾಡಿಗೆಯ ಗಿಡ್ಡದರಲ್ಲಿ ಕಲಿತವರಿಗೆ ಕ್ಯಾರವಾನ್ ಸಲೀಸು.

ಹಿಂದೆ ನಿಂತು ದಾರಿ ಹೇಳುವವರೊಂದಿಗೆ ಮಾತಿನ ಒಪ್ಪಂದ ಮೊದಲೇ ಆಗಿರಲಿ. ‘ಚಾಲಕನ ಕಡೆ’, ‘ಆಚೆ ಕಡೆ’, ‘ನಿಲ್ಲಿಸು’ ಇಷ್ಟೇ ಸಾಕು. ಸ್ನೇಹಿತರೊಬ್ಬರ ತಂದೆ ನಿವೃತ್ತ ಬಸ್ ಕಂಡಕ್ಟರ್. ಕ್ಯಾರವಾನ್ ಪಾರ್ಕಿನಲ್ಲಿ ಅವರು ಹಿಂದೆ ನಿಂತು, ಜಾಗ ಇದೆ ಬಾ ಎಂಬ ಅರ್ಥದಲ್ಲಿ ‘ರೈಟ್, ರೈಟ್’ ಎಂದು ಕೂಗಿದರು. ಮಗ ಬಲಕ್ಕೆ ತಿರುಗಿಸುತ್ತಲೇ ಹೋದ. ‘ಹೋಲ್ಡಾನ್’ ಎನ್ನುವಷ್ಟರಲ್ಲಿ ನೀರಿನ ನಲ್ಲಿಯ ಕಂಬ ಮಲಗಿತ್ತು.